ದಲಾಲಿ ಅಂಗಡಿಯಲ್ಲಿ ಮೇಲ್ ಖಾತೆ ತೆರೆದದ್ದು

ನಮ್ಮ ಅಂಗಡಿಯಲ್ಲಿ ಖಾತೆ ಅಂದರೆ ಎಲ್ಲರಿಗೂ ಗೊತ್ತಿರುವುದು ಒಂದೇ. ಕೆಂಪು ರಟ್ಟಿನ ಪುಸ್ತಕದಲ್ಲಿ ಒಬ್ಬ ರೈತನ ಹೆಸರಿಗೆ ಒಂದು ಪುಟ. ಎಷ್ಟು ಚೀಲ ಮೆಕ್ಕೆಜೋಳ ತಂದ, ಎಷ್ಟು ಮುಂಗಡ ತಗೊಂಡ, ಬಾಕಿ ಎಷ್ಟು. ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ನಾನು ಎಂಟು ವರ್ಷದಿಂದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೇನೆ. ಹೋದ ವರ್ಷ ಬೇರೆ ಥರದ ಖಾತೆ ತೆರೆಯುವ ಕೆಲಸ ಬಂತು. 19 ಜನಕ್ಕೆ ಮೇಲ್ ಖಾತೆ, ಅದೂ ನಮ್ಮದೇ ಸರ್ವರ್‌ನಲ್ಲಿ.

ಕಾರಣ ಹೇಳಿಬಿಡುತ್ತೇನೆ. ಅಂಗಡಿಯ ಲೆಕ್ಕ ಬರೆಯುತ್ತಿದ್ದ ಅಕ್ಕ ಒಬ್ಬರಿದ್ದರು. ಖರೀದಿದಾರರ ಬಿಲ್ಲು, ಬ್ಯಾಂಕಿನ ಪತ್ರ, ಲಾರಿ ಬಾಡಿಗೆಯ ರಶೀದಿ ಎಲ್ಲ ಅವರ ಸ್ವಂತ ಮೇಲ್ ವಿಳಾಸಕ್ಕೇ ಬರುತ್ತಿತ್ತು. ಅಂಗಡಿಗೆ ಅಂತ ಬೇರೆ ವಿಳಾಸ ಮಾಡಬೇಕು ಅನ್ನೋದು ಯಾರಿಗೂ ಹೊಳೆದಿರಲಿಲ್ಲ. ಅವರ ಮನೆಯವರಿಗೆ ಹುಬ್ಬಳ್ಳಿಗೆ ವರ್ಗ ಆಯಿತು. ಅಕ್ಕ ಹೋದರು, ಅವರ ಜೊತೆಗೆ ನಮ್ಮ ಟಪಾಲೂ ಹೋಯಿತು. ಪಾಪ, ದಿನಾ ಸಂಜೆ ಫೋನ್ ಮಾಡುತ್ತಿದ್ದರು. "ತಮ್ಮಾ, ಪುಣೆ ಪಾರ್ಟಿದು ಮೇಲ್ ಬಂದೈತೆ, ನಿಂಗೆ ಕಳ್ಸೀನಿ ನೋಡು" ಅಂತ. ಸುಮಾರು ಐದು ತಿಂಗಳು ಹೀಗೇ ನಡೆಯಿತು. ಸಂಬಳ ಇಲ್ಲದೆ ಅವರು ನಮ್ಮ ಪೋಸ್ಟ್‌ಮ್ಯಾನ್ ಕೆಲಸ ಮಾಡಿದರು.

ಒಂದು ದಿನ ಸಾವುಕಾರ್ರು ಕರೆದು ಕೇಳಿದರು. "ಅಲ್ಲಪ್ಪಾ, ಅಂಗಡಿ ಟಪಾಲು ಅಂಗಡಿಗೇ ಬರೋ ಹಂಗೆ ಮಾಡಕ್ಕಾಗಲ್ವಾ?"

ದುಡ್ಡು ಕೊಟ್ಟರೆ ಮಾಡಿಕೊಡುವ ಕಂಪನಿಗಳು ಬೇಕಾದಷ್ಟಿವೆ. ಆದರೆ ಅವರು ತಲೆಗಿಷ್ಟು ಅಂತ ತಿಂಗಳ ಬಾಡಿಗೆ ಕೇಳುತ್ತಾರೆ. ನಮ್ಮಲ್ಲಿ ಅರ್ಧ ಜನ ವಾರಕ್ಕೆ ಒಂದು ಮೇಲ್ ನೋಡಿದರೆ ಹೆಚ್ಚು. ತೂಕದ ಲೆಕ್ಕದ ಸಾಫ್ಟ್‌ವೇರ್‌ಗೆ ಅಂತ ಒಂದು ಬಾಡಿಗೆ ಸರ್ವರ್ ಹೇಗೂ ಇತ್ತು. ಡೆಬಿಯನ್ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಇರುವಂಥದ್ದು. ಅದರಲ್ಲೇ ಮಾಡೋಣ ಅಂದುಕೊಂಡೆ. ಟಪಾಲು ಸಾಗಿಸಲು ಪೋಸ್ಟ್‌ಫಿಕ್ಸ್, ಟಪಾಲು ತೆಗೆದು ಓದಿಸಲು ಡವ್‌ಕಾಟ್. ಎರಡೂ ಬಿಟ್ಟಿ ಸಿಗುತ್ತವೆ. ಪೋಸ್ಟ್‌ಫಿಕ್ಸ್ ಬರೆದವರು ವೀಟ್ಸೆ ವೆನೆಮಾ. ಐಬಿಎಂನಲ್ಲಿದ್ದಾಗ ಬರೆದು 1998ರಲ್ಲಿ ಹೊರಗೆ ಬಿಟ್ಟರು. ಡವ್‌ಕಾಟ್ ಫಿನ್ಲೆಂಡಿನ ಟಿಮೋ ಸಿರೈನೆನ್ ಅವರದು, 2002ರಿಂದ ಇದೆ. ಇಷ್ಟು ವರ್ಷ ಬಾಳಿಕೆ ಬಂದ ಸಾಮಾನು ಅಂದರೆ ನನಗೆ ಒಂದು ಧೈರ್ಯ.

ಮೊದಲ ಸಲ ಸುಲಭದ ದಾರಿ ಹಿಡಿದೆ. ಲಿನಕ್ಸ್‌ನಲ್ಲಿ ಹೊಸ ಬಳಕೆದಾರರನ್ನು ಸೇರಿಸಲು ಆ್ಯಡ್‌ಯೂಸರ್ ಅನ್ನುವ ಆಜ್ಞೆ ಇದೆ. ಹೆಸರು ಕೊಟ್ಟರೆ ಸಾಕು. ಅವರಿಗೆ ಒಂದು ಫೋಲ್ಡರ್ ಮಾಡುತ್ತದೆ, ಪಾಸ್‌ವರ್ಡ್ ಕೇಳುತ್ತದೆ, ಮುಗಿಯಿತು. ಪೋಸ್ಟ್‌ಫಿಕ್ಸ್‌ಗೂ ಇದು ಸಹಜ. ಸರ್ವರ್‌ನಲ್ಲಿ ಆ ಹೆಸರಿನ ಬಳಕೆದಾರ ಇದ್ದಾನೆ ಅಂದರೆ ಅವನ ಹೆಸರಿಗೆ ಬಂದ ಪತ್ರವನ್ನು ಅವನ ಡಬ್ಬಿಗೆ ಹಾಕುತ್ತದೆ. ಒಂದೇ ಸಂಜೆಯಲ್ಲಿ 19 ಹೆಸರೂ ಸೇರಿಸಿದೆ. ನನ್ನ ಫೋನಿನಿಂದ ಒಂದು ಮೇಲ್ ಕಳಿಸಿದೆ, ಬಂತು. ಅವತ್ತು ನೆಮ್ಮದಿಯಿಂದ ಮನೆಗೆ ಹೋದೆ.

ಮಾರನೇ ದಿನ ಬೆಳಿಗ್ಗೆ ಯಾರ್ಡಿನಲ್ಲಿ ಇನ್ನೂ ಹರಾಜು ಶುರುವಾಗಿರಲಿಲ್ಲ. ಟೀ ಹಿಡಿದುಕೊಂಡು ಸುಮ್ನೆ ಸರ್ವರ್‌ನ ಲಾಗ್, ಅಂದರೆ ನಡೆದದ್ದನ್ನೆಲ್ಲ ಅದು ಬರೆದಿಡುವ ದಿನಚರಿ, ನೋಡುತ್ತಿದ್ದೆ. ಇಂಟರ್ನೆಟ್ಟಿಗೆ ತೆರೆದಿರುವ ಯಾವ ಸರ್ವರ್ ಆದರೂ ಸರಿ, ಎಲ್ಲೆಲ್ಲಿಂದಲೋ ಜನ ಅಲ್ಲ, ಯಂತ್ರಗಳು ಬಂದು ಬಾಗಿಲು ತಟ್ಟುತ್ತಲೇ ಇರುತ್ತವೆ. ಒಂದೊಂದು ಹೆಸರು ಹಾಕಿ ಪಾಸ್‌ವರ್ಡ್ ಊಹೆ ಮಾಡುತ್ತವೆ. ಅದು ನನಗೆ ಹೊಸದಲ್ಲ. ಅಡ್ಮಿನ್ ಅಂತ ಒಂದು ಸಾಲು, ಟೆಸ್ಟ್ ಅಂತ ಒಂದು ಸಾಲು. ಆ ಸಾಲುಗಳಲ್ಲಿ 'ಇನ್‌ವ್ಯಾಲಿಡ್ ಯೂಸರ್' ಅಂತ ಇರುತ್ತದೆ. ಹಾಗಂದರೆ ಇಂಥ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತ. ನೋಡುತ್ತಾ ಕೆಳಗೆ ಬಂದೆ. ಅಕೌಂಟ್ಸ್ ಅನ್ನುವ ಹೆಸರಿನ ಮೇಲೆ ನಾಲ್ಕು ಸಾಲು ಇದ್ದವು. ಅವುಗಳಲ್ಲಿ 'ಇನ್‌ವ್ಯಾಲಿಡ್' ಅನ್ನುವ ಪದ ಇರಲಿಲ್ಲ. 'ಅಕೌಂಟ್ಸ್, ಪಾಸ್‌ವರ್ಡ್ ತಪ್ಪು' ಅಂತ ಅಷ್ಟೇ ಇತ್ತು.

ಯಾಕಂದರೆ ಆ ಹೆಸರು ಈಗ ಇದೆ. ನಿನ್ನೆ ಸಂಜೆ ಅದನ್ನು ನಾನೇ ಸೇರಿಸಿದ್ದೆ. ಎಲ್ಲರಿಗೂ ನೆನಪಿರಲಿ ಅಂತ ಸುಲಭದ ಪಾಸ್‌ವರ್ಡನ್ನೂ ಇಟ್ಟಿದ್ದೆ.

ಟೀ ಅಲ್ಲೇ ಇಟ್ಟೆ. ನನಗೆ ಆಗ ಅರ್ಥವಾದದ್ದು ಇದು. ಮೇಲ್ ಓದಬೇಕು ಅಂತ ನಾನು ಜನಕ್ಕೆ ಟಪಾಲು ಡಬ್ಬಿಯ ಬೀಗದಕೈ ಕೊಟ್ಟಿರಲಿಲ್ಲ, ಇಡೀ ಗೋದಾಮಿನ ಬೀಗದಕೈ ಕೊಟ್ಟಿದ್ದೆ. ಆ್ಯಡ್‌ಯೂಸರ್‌ನಿಂದ ಮಾಡಿದ ಪ್ರತಿಯೊಬ್ಬನೂ ಸರ್ವರ್‌ನ ಒಳಗೆ ಕಾಲಿಡಬಹುದು, ಕಡತ ಮಾಡಬಹುದು, ಆಜ್ಞೆ ಕೊಡಬಹುದು. ನಮ್ಮ ಹಮಾಲರ ಮೇಸ್ತ್ರಿಗೆ ಬೇಕಾಗಿರುವುದು ಲಾರಿ ಯಾವಾಗ ಬರುತ್ತೆ ಅನ್ನುವ ಪತ್ರ. ಅವರಿಗೆ ಸರ್ವರ್‌ನಲ್ಲಿ ಏನು ಕೆಲಸ? ಆದರೆ ಅವರ ಹೆಸರಿನಲ್ಲಿ ಬೇರೆ ಯಾರೋ ಒಳಗೆ ಬರಬಹುದಿತ್ತು. ಆ ದಿನ ಯಾರೂ ಬಂದಿರಲಿಲ್ಲ. ಎಲ್ಲ ಲಾಗನ್ನೂ ಎರಡೆರಡು ಸಲ ನೋಡಿ ಖಾತ್ರಿ ಮಾಡಿಕೊಂಡೆ. ಮಧ್ಯಾಹ್ನದೊಳಗೆ 19 ಹೆಸರನ್ನೂ ತೆಗೆದೆ.

ಟಪಾಲು ಬರುವ ಹಕ್ಕು ಬೇರೆ, ಮನೆಯೊಳಗೆ ಬರುವ ಹಕ್ಕು ಬೇರೆ. ಮೇಲ್ ಸರ್ವರ್ ಮಾಡುವವರಿಗೆಲ್ಲ ನಾನು ಮೊದಲು ಹೇಳುವ ಮಾತು ಈಗ ಇದೇ. ಇದನ್ನು ಬೇರೆ ಮಾಡಿಡಲು ಪೋಸ್ಟ್‌ಫಿಕ್ಸ್‌ನಲ್ಲೇ ವ್ಯವಸ್ಥೆ ಇದೆ. ಅದಕ್ಕೆ ವರ್ಚುವಲ್ ಮೇಲ್‌ಬಾಕ್ಸ್ ಅನ್ನುತ್ತಾರೆ. ಸರ್ವರ್‌ನಲ್ಲಿ ನಿಜವಾದ ಬಳಕೆದಾರ ಒಬ್ಬನೇ. ರೂಢಿಯಲ್ಲಿ ಅವನಿಗೆ ವಿಮೇಲ್ ಅಂತ ಹೆಸರಿಡುತ್ತಾರೆ, 5000 ಅಂತ ನಂಬರ್ ಕೊಡುತ್ತಾರೆ. ಅವನಿಗೂ ಒಳಗೆ ಬರುವ ಬಾಗಿಲಿಲ್ಲ, ನೋಲಾಗಿನ್ ಅಂತ ಹಾಕಿರುತ್ತೇವೆ. ಎಲ್ಲರ ಡಬ್ಬಿಗಳ ಒಡೆತನ ಅವನದು. ಉಳಿದ 19 ಜನ ಬರೀ ಒಂದು ಪಟ್ಟಿಯ ಸಾಲುಗಳು. ಈ ವಿಳಾಸಕ್ಕೆ ಬಂದದ್ದು ಈ ಫೋಲ್ಡರ್‌ಗೆ, ಅಷ್ಟೇ. ನಮ್ಮ ಖಾತೆ ಪುಸ್ತಕದ ಹಾಗೇ ಅಲ್ವಾ? ರೈತನ ಹೆಸರಿಗೆ ಪುಟ ಇದೆ ಅಂತ ಅವನ ಹತ್ತಿರ ತಿಜೋರಿ ಕೀಲಿ ಇರಲ್ಲ.

ಎರಡನೇ ಸಲ ನಾಲ್ಕು ದಿನ ಹಿಡಿಯಿತು. ಎಡವಿದ ಜಾಗಗಳನ್ನು ಬರೆಯುತ್ತೇನೆ. ಇವುಗಳಲ್ಲಿ ಒಂದಾದರೂ ನಿಮಗೂ ಸಿಗುತ್ತದೆ.

ಮೊದಲನೆಯದು, ನಮ್ಮ ಡೊಮೇನ್ ಹೆಸರು, ಅಂದರೆ ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಭಾಗ, ಎರಡು ಕಡೆ ಇತ್ತು. ಪೋಸ್ಟ್‌ಫಿಕ್ಸ್‌ಗೆ ಮೈಡೆಸ್ಟಿನೇಶನ್ ಅಂತ ಒಂದು ಸಾಲು ಇರುತ್ತದೆ. ಅಲ್ಲಿ ಬರೆದ ಡೊಮೇನಿಗೆ ಬಂದ ಪತ್ರ ಸರ್ವರ್‌ನ ನಿಜವಾದ ಬಳಕೆದಾರರಿಗೆ ಅಂತ ಅದು ತಿಳಿದುಕೊಳ್ಳುತ್ತದೆ. ಹಳೆಯ ಪ್ರಯತ್ನದಲ್ಲಿ ನಾನು ಅಲ್ಲಿ ಬರೆದಿದ್ದೆ. ಈಗ ವರ್ಚುವಲ್ ಡೊಮೇನ್‌ಗಳ ಸಾಲಿನಲ್ಲೂ ಬರೆದೆ. ಕಳಿಸಿದ ಪತ್ರವೆಲ್ಲ 550 ಅನ್ನುವ ಉತ್ತರದ ಜೊತೆ ವಾಪಸ್ ಬಂತು. ಇಂಥ ಬಳಕೆದಾರ ಇಲ್ಲ ಅಂತ. ಇಲ್ಲದೇ ಏನು, ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತಿದೆ! ಆಮೇಲೆ ಲಾಗ್‌ನಲ್ಲಿ ಎಚ್ಚರಿಕೆ ಕಂಡಿತು. ಒಂದೇ ಡೊಮೇನನ್ನು ಎರಡೂ ಕಡೆ ಬರೆಯಬೇಡಿ ಅಂತ ಅದೇ ಸ್ಪಷ್ಟವಾಗಿ ಹೇಳುತ್ತಿತ್ತು. ಮೈಡೆಸ್ಟಿನೇಶನ್‌ನಿಂದ ತೆಗೆದೆ. ಸರಿಹೋಯಿತು. ಲಾಗ್ ಓದುವುದಕ್ಕಿಂತ ಒಳ್ಳೆಯ ಮೇಷ್ಟ್ರು ಈ ಕೆಲಸದಲ್ಲಿ ಇಲ್ಲ.

ಎರಡನೆಯದು ಒಡೆತನ. ಡಬ್ಬಿಗಳ ಫೋಲ್ಡರ್‌ಗಳನ್ನು ನಾನೇ ಕೈಯಾರೆ ಒಂದೊಂದಾಗಿ ಮಾಡಿದ್ದೆ. ಮಾಡಿದ್ದು ರೂಟ್ ಆಗಿ, ಅಂದರೆ ಸರ್ವರ್‌ನ ಯಜಮಾನ ಖಾತೆಯಿಂದ. ಹಾಗಾಗಿ ಅವು ರೂಟ್‌ನ ಸೊತ್ತು. ಪತ್ರ ಹಾಕಬೇಕಾದ ವಿಮೇಲ್‌ಗೆ ಅಲ್ಲಿ ಬರೆಯಲು ಅನುಮತಿ ಇಲ್ಲ. ಪತ್ರಗಳು ವಾಪಸ್ಸೂ ಹೋಗಲಿಲ್ಲ, ಡಬ್ಬಿಗೂ ಬೀಳಲಿಲ್ಲ. ಸಾಲಿನಲ್ಲಿ ನಿಂತಿದ್ದವು. ಮೇಲ್‌ಕ್ಯೂ ಅಂತ ಕೊಟ್ಟರೆ ಮೂರು ಪತ್ರ ಕಾಣುತ್ತಿದ್ದವು, ಪ್ರತಿಯೊಂದರ ಕೆಳಗೂ 'ಪರ್ಮಿಶನ್ ಡಿನೈಡ್'. ಮೂರರಲ್ಲಿ ಒಂದು ನಿಜವಾದ ಪತ್ರ. ಒಬ್ಬ ಖರೀದಿದಾರರಿಗೆ ಹೊಸ ವಿಳಾಸ ಕೊಟ್ಟಿದ್ದೆವು, ಅವರು ಆಗಲೇ ಬಿಲ್ಲು ಕಳಿಸಿಬಿಟ್ಟಿದ್ದರು. ಎದೆ ಧಸಕ್ ಅಂತು. ಆದರೆ ಪೋಸ್ಟ್‌ಫಿಕ್ಸ್ ಹಾಗೆಲ್ಲ ಪತ್ರವನ್ನು ಎಸೆಯುವುದಿಲ್ಲ. ನಾವು ಏನೂ ಬದಲಿಸದಿದ್ದರೆ 5 ದಿನದವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆಮೇಲೆಯೇ ಕಳಿಸಿದವರಿಗೆ ವಾಪಸ್. ಫೋಲ್ಡರ್‌ಗಳನ್ನೆಲ್ಲ ವಿಮೇಲ್ ಹೆಸರಿಗೆ ಮಾಡಿ, ಸಾಲನ್ನು ಇನ್ನೊಮ್ಮೆ ಓಡಿಸಿದೆ. ಮೂರೂ ಇಳಿದವು. ಆಮೇಲೆ ತಿಳಿಯಿತು, ನಾನು ಆ ಫೋಲ್ಡರ್ ಮಾಡುವ ಅಗತ್ಯವೇ ಇರಲಿಲ್ಲ. ಮೇಲಿನ ಒಂದು ಫೋಲ್ಡರ್ ವಿಮೇಲ್‌ನದಾಗಿದ್ದರೆ ಸಾಕು. ಮೊದಲ ಪತ್ರ ಬಂದಾಗ ಒಳಗಿನದನ್ನೆಲ್ಲ ಅದೇ ಮಾಡಿಕೊಳ್ಳುತ್ತದೆ.

ಆ ಡಬ್ಬಿಯೊಳಗೆ ಮೂರು ಫೋಲ್ಡರ್ ಇರುತ್ತವೆ: ಟೆಂಪ್, ನ್ಯೂ, ಕರ್. ಮೇಲ್‌ಡೈರ್ ಅನ್ನುತ್ತಾರೆ ಈ ಜೋಡಣೆಗೆ. ಡೇನಿಯಲ್ ಬರ್ನ್‌ಸ್ಟೈನ್ ಅನ್ನುವವರ ಯೋಚನೆ. ಬರುವ ಪತ್ರವನ್ನು ಮೊದಲು ಟೆಂಪ್‌ನಲ್ಲಿ ಪೂರ್ತಿ ಬರೆದು, ಆಮೇಲೆ ನ್ಯೂಗೆ ಸರಿಸುತ್ತದೆ. ನಾವು ಮೇಲ್ ತೆರೆದು ನೋಡಿದಾಗ ಕರ್‌ಗೆ ಹೋಗುತ್ತದೆ. ಹಾಗಾಗಿ ಮಧ್ಯೆ ಏನೇ ಆದರೂ ಅರ್ಧ ಬರೆದ ಪತ್ರ ಯಾರ ಕಣ್ಣಿಗೂ ಬೀಳಲ್ಲ. ಒಂದು ಪತ್ರಕ್ಕೆ ಒಂದು ಕಡತ. ಹಳೆಯ ಪದ್ಧತಿಯಲ್ಲಿ ಎಲ್ಲ ಪತ್ರವೂ ಒಂದೇ ಉದ್ದನೆಯ ಕಡತದಲ್ಲಿ ಇರುತ್ತಿತ್ತು. ಅದು ಕೆಟ್ಟರೆ ಎಲ್ಲವೂ ಕೆಟ್ಟಂತೆ. ತೂಕ ಆಗದ ಚೀಲವನ್ನು ಗೋದಾಮಿಗೆ ಬಿಡದ ನಮ್ಮವರಿಗೆ ಈ ಕ್ರಮ ಹೇಳಿದ ಕೂಡಲೇ ಹಿಡಿಸಿತು.

ಇನ್ನು ಪಾಸ್‌ವರ್ಡ್. ಈ ಸಲ ನಾನು ಯಾರಿಗೂ ಪಾಸ್‌ವರ್ಡ್ ಮಾಡಿ ಕೊಡಬಾರದು ಅಂತ ನಿರ್ಧರಿಸಿದ್ದೆ. ಒಬ್ಬೊಬ್ಬರನ್ನೇ ನನ್ನ ಕುರ್ಚಿಯಲ್ಲಿ ಕೂರಿಸಿದೆ. ಡವ್‌ಕಾಟ್ ಜೊತೆ ಬರುವ ಡವ್‌ಅಡ್ಮ್ ಅನ್ನುವ ಸಾಧನ ಪಾಸ್‌ವರ್ಡನ್ನು ಎರಡು ಸಲ ಕೇಳುತ್ತದೆ, ಒಂದು ಉದ್ದನೆಯ ಅಕ್ಷರಮಾಲೆ ಕೊಡುತ್ತದೆ. ಅದನ್ನು ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಹಾಕಬೇಕು. ನಾನು ಮುಖ ಆ ಕಡೆ ತಿರುಗಿಸಿ ನಿಲ್ಲುತ್ತಿದ್ದೆ.

ನಮ್ಮ ಹಿರಿಯ ಗುಮಾಸ್ತರು ಬಂದು ಕೂತರು. ಅರವತ್ತು ದಾಟಿದ ಜೀವ. ಕನ್ನಡಕ ಒರೆಸಿಕೊಂಡು ಒಂದು ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿದರು. ನಾಲ್ಕು ಅಕ್ಷರ ಆದ ಮೇಲೆ ನಿಲ್ಲಿಸಿದರು.

"ಏನೂ ಕಾಣ್ತಿಲ್ಲವಲ್ಲಪ್ಪಾ. ಕೀಲಿ ಕೆಟ್ಟೈತೇನು?"

"ಇಲ್ಲ ಕಾಕಾ, ಅದು ಬೇಕಂತಲೇ ತೋರಿಸಲ್ಲ. ಒತ್ತಿ ನೀವು."

ಒತ್ತಿದರು. ಎರಡನೇ ಸಲವೂ ಒತ್ತಿದರು. ಪರದೆಯ ಮೇಲೆ ಎರಡು ಸಾಲಿನಷ್ಟು ಡಾಲರ್ ಗುರುತು, ಅಕ್ಷರ, ಅಂಕಿ ಬಂತು. ಹತ್ತಿರ ಬಗ್ಗಿ ನೋಡಿದರು. "ನಾನು ಬರೆದದ್ದು ಇದಲ್ಲ" ಅಂದರು.

ಅವರಿಗೆ ಗಿರಣಿಯ ಉದಾಹರಣೆ ಕೊಟ್ಟೆ. ಜೋಳ ಗಿರಣಿಗೆ ಹಾಕಿದರೆ ಹಿಟ್ಟು ಬರುತ್ತೆ. ಹಿಟ್ಟನ್ನು ಮತ್ತೆ ಕಾಳು ಮಾಡಕ್ಕಾಗಲ್ಲ. ಸರ್ವರ್‌ನಲ್ಲಿ ಇರುವುದು ಬರೀ ಹಿಟ್ಟು. ನಾಳೆ ನೀವು ಪಾಸ್‌ವರ್ಡ್ ಕೊಟ್ಟಾಗ ಅದನ್ನೂ ಹಾಗೇ ಬೀಸಿ, ಹಿಟ್ಟಿಗೆ ಹಿಟ್ಟು ಹೋಲಿಸಿ ನೋಡುತ್ತದೆ. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟರೂ ಗೊತ್ತಾಗಬಾರದು ಅಂತ ಬೀಸುವ ಮುಂಚೆ ಒಬ್ಬೊಬ್ಬರಿಗೆ ಬೇರೆ ಬೇರೆ ಚಿಟಿಕೆ ಉಪ್ಪು ಬೆರೆಸುತ್ತದೆ. ಇದು ನಾನು ಕಟ್ಟಿದ ಮಾತಲ್ಲ, ಕಂಪ್ಯೂಟರ್‌ನವರೂ ಅದಕ್ಕೆ ಸಾಲ್ಟ್ ಅಂತಲೇ ಕರೆಯುವುದು. ಕಾಕಾ ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಹಂಗಾರೆ ನಿನಗೂ ಗೊತ್ತಾಗಲ್ಲ" ಅಂದರು. ಗೊತ್ತಾಗಲ್ಲ ಅಂದೆ. ಅವರ ಮುಖದಲ್ಲಿ ಕಂಡ ಸಮಾಧಾನ ನನಗೆ ಇನ್ನೂ ನೆನಪಿದೆ.

ಹೆಸರಿನ ತೊಂದರೆ ಮಾತ್ರ ನಾನು ಎಣಿಸಿದ್ದಕ್ಕಿಂತ ಜಾಸ್ತಿ ಆಯಿತು. ಇದು ನಮ್ಮ ಕಡೆಯವರಿಗೇ ಇರುವ ತೊಂದರೆ. ಬಸವರಾಜ ಅನ್ನುವ ಹೆಸರನ್ನು ಇಂಗ್ಲಿಷಿನಲ್ಲಿ ಕೊನೆಗೆ ಎ ಹಾಕಿ ಬರೆಯುವವರು ಇದ್ದಾರೆ, ಹಾಕದೆ ಬರೆಯುವವರು ಇದ್ದಾರೆ. ಮಂಜುನಾಥನಿಗೆ ಕೆಲವರು ಟಿ ಮಾತ್ರ, ಕೆಲವರು ಟಿಎಚ್. ಹೊರಗಿನ ವ್ಯಾಪಾರಿಗಳು ಫೋನಿನಲ್ಲಿ ಕೇಳಿಸಿಕೊಂಡು ತಮಗೆ ತಿಳಿದ ಹಾಗೆ ಬರೆಯುತ್ತಾರೆ. ಮೊದಲ ವಾರದಲ್ಲೇ ಆರೇಳು ಪತ್ರ ವಾಪಸ್ ಹೋದವು.

ಅದಕ್ಕೆ ನಾನು ಕ್ಯಾಚ್‌ಆಲ್ ಹಾಕಿದೆ. ಅಂದರೆ ಪಟ್ಟಿಯಲ್ಲಿ ಇಲ್ಲದ ಯಾವ ಹೆಸರಿಗೆ ಬಂದರೂ ನನ್ನ ಡಬ್ಬಿಗೆ ಬೀಳಲಿ ಅಂತ. ಅದನ್ನು ಬರೆದದ್ದು ಅಲಿಯಾಸ್ ಪಟ್ಟಿಯಲ್ಲಿ, ಅಂದರೆ ಒಂದು ವಿಳಾಸಕ್ಕೆ ಬಂದದ್ದನ್ನು ಇನ್ನೊಂದಕ್ಕೆ ತಿರುಗಿಸುವ ಪಟ್ಟಿಯಲ್ಲಿ. ಅವತ್ತು ಮಧ್ಯಾಹ್ನ ಸಾವುಕಾರ್ರ ಪತ್ರ, ಗುಮಾಸ್ತರ ಪತ್ರ, ಎಲ್ಲರ ಪತ್ರವೂ ನನ್ನ ಡಬ್ಬಿಗೇ ಬರತೊಡಗಿತು. ಪೋಸ್ಟ್‌ಫಿಕ್ಸ್ ಡಬ್ಬಿಗಳ ಪಟ್ಟಿಗಿಂತ ಮೊದಲು ಅಲಿಯಾಸ್ ಪಟ್ಟಿ ನೋಡುತ್ತದೆ. ಅಲ್ಲಿ 'ಯಾರೇ ಆಗಲಿ' ಅಂತ ಇದ್ದ ಮೇಲೆ ಅದರ ಮುಂದಕ್ಕೆ ಹೋಗುವುದೇ ಇಲ್ಲ. ಕ್ಯಾಚ್‌ಆಲ್ ಬೇಕೇ ಬೇಕು ಅಂದರೆ ಇರುವ ಪ್ರತಿಯೊಬ್ಬರನ್ನೂ ಅದೇ ಪಟ್ಟಿಯಲ್ಲಿ 'ಇವರ ಪತ್ರ ಇವರಿಗೇ' ಅಂತ ಬರೆಯಬೇಕು. ಹಾಗೂ ಮಾಡಿದೆ. ಆಗ ಬಂತು ನೋಡಿ ಕಸದ ಮೇಲ್. ಯಾವ ಹೆಸರು ಹಾಕಿದರೂ ಇಲ್ಲಿ ತಗೊಳ್ಳುತ್ತಾರೆ ಅಂತ ಆದ ಮೇಲೆ ಕೇಳಬೇಕೇ? ಮೂರನೇ ದಿನ ಕ್ಯಾಚ್‌ಆಲ್ ತೆಗೆದು ಹಾಕಿದೆ. ಒಬ್ಬೊಬ್ಬರಿಗೂ ಎರಡು ಮೂರು ಕಾಗುಣಿತದ ಅಲಿಯಾಸ್ ಬರೆದೆ. ಎಲ್ಲ ಬಂದು ಒಂದೇ ಡಬ್ಬಿಗೆ ಸೇರುತ್ತವೆ. ಇದು ಕೂತು ಬರೆಯಬೇಕಾದ ಕೆಲಸ, ಬೇರೆ ದಾರಿ ಇಲ್ಲ. ಪಟ್ಟಿ ತಿದ್ದಿದ ಮೇಲೆ ಪೋಸ್ಟ್‌ಮ್ಯಾಪ್ ಅನ್ನುವ ಆಜ್ಞೆ ಓಡಿಸುವುದನ್ನು ಮರೆಯಬೇಡಿ. ಪೋಸ್ಟ್‌ಫಿಕ್ಸ್ ಓದುವುದು ನೀವು ತಿದ್ದಿದ ಕಡತವನ್ನಲ್ಲ, ಅದರಿಂದ ತಯಾರಾದ ಇನ್ನೊಂದನ್ನು.

ಇದೇ ಹೊತ್ತಿಗೆ ಕೆಲಸದ ಹೆಸರಿನ ವಿಳಾಸಗಳನ್ನೂ ಮಾಡಿದೆ. ಲೆಕ್ಕ ಅಂತ ಒಂದು, ಲಾರಿ ಅಂತ ಒಂದು, ಖರೀದಿ ಅಂತ ಒಂದು. ಇವಕ್ಕೆ ಡಬ್ಬಿ ಇಲ್ಲ, ಪಾಸ್‌ವರ್ಡ್ ಇಲ್ಲ. ಲೆಕ್ಕಕ್ಕೆ ಬಂದದ್ದು ಈಗ ಆ ಕೆಲಸ ಮಾಡುವ ಇಬ್ಬರಿಗೆ ಹೋಗುತ್ತದೆ. ನಾಳೆ ಒಬ್ಬರು ಬಿಟ್ಟರೆ ಒಂದು ಸಾಲು ಬದಲಿಸಿದರೆ ಆಯಿತು. ಬಿಲ್ಲಿನ ಮೇಲೆ ನಾವು ಅಚ್ಚು ಹಾಕಿಸಿದ್ದು ಇವನ್ನೇ, ಯಾರ ಸ್ವಂತ ಹೆಸರನ್ನೂ ಅಲ್ಲ. ಪೋಸ್ಟ್‌ಮಾಸ್ಟರ್ ಅನ್ನುವ ವಿಳಾಸ ಕೂಡ ಇರಲೇಬೇಕು. ಮೇಲ್ ಸಾಗಣೆಯ ನಿಯಮ ಹೇಳುವ ಆರ್‌ಎಫ್‌ಸಿ 5321ರಲ್ಲೇ ಅದು ಇದೆ. ನಮ್ಮ ಸರ್ವರ್ ಬಗ್ಗೆ ಯಾರಾದರೂ ದೂರು ಹೇಳಬೇಕು ಅಂದರೆ ಆ ವಿಳಾಸಕ್ಕೇ ಬರೆಯುವುದು. ಅದನ್ನು ನನ್ನ ಹೆಸರಿಗೆ ಮಾಡಿಕೊಂಡೆ.

ಕಳಿಸುವ ಕಡೆಯ ಕೆಲಸ ಹೆಚ್ಚು ಹೇಳಲ್ಲ. ಎಸ್‌ಪಿಎಫ್ (ನಮ್ಮ ಹೆಸರಿನಲ್ಲಿ ಯಾವ ಸರ್ವರ್ ಪತ್ರ ಕಳಿಸಬಹುದು ಅನ್ನುವ ಪಟ್ಟಿ), ಡಿಕಿಮ್ (ಪತ್ರಕ್ಕೆ ಹಾಕುವ ಡಿಜಿಟಲ್ ಸಹಿ), ಸರ್ವರ್‌ನ ಐಪಿ ನಂಬರಿಗೆ ಹಿಮ್ಮುಖ ಹೆಸರು (ನಂಬರ್ ನೋಡಿ ಹೆಸರು ತಿಳಿಯುವ ದಾಖಲೆ), ಈ ಮೂರೂ ಸರಿ ಇಲ್ಲದಿದ್ದರೆ ನಮ್ಮ ಪತ್ರ ಅವರ ಕಸದ ಬುಟ್ಟಿಗೆ ಹೋಗುತ್ತದೆ. ಬಾಡಿಗೆ ಸರ್ವರ್‌ಗಳಲ್ಲಿ ಹೊರಗೆ ಹೋಗುವ 25ನೇ ಪೋರ್ಟ್, ಅಂದರೆ ಪತ್ರ ಹೋಗುವ ಆ ನಂಬರಿನ ಬಾಗಿಲು, ಎಷ್ಟೋ ಸಲ ಮುಚ್ಚಿರುತ್ತದೆ, ಕೇಳಿ ತೆರೆಸಬೇಕು. ಫೋನುಗಳಲ್ಲಿ ಓದಲು 993ನೇ ಪೋರ್ಟ್, ಕಳಿಸಲು 587. ಬಳಕೆದಾರನ ಹೆಸರು ಅಂತ ಕೇಳುವ ಜಾಗದಲ್ಲಿ ಪೂರ್ತಿ ವಿಳಾಸ ಹಾಕಬೇಕು, ಬರೀ ಹೆಸರಲ್ಲ. ಈ ಒಂದು ಮಾತನ್ನು 19 ಫೋನಿಗೂ ಹೇಳಿದೆ.

ತೂಕದ ಚೀಟಿಯ ಫೋಟೋ ಕಳಿಸುವ ಹುಡುಗನಿಗೆ ಒಂದು ಸಮಸ್ಯೆ ಆಯಿತು. ಪೋಸ್ಟ್‌ಫಿಕ್ಸ್ ತಾನಾಗಿ ಒಪ್ಪುವ ಪತ್ರದ ಗಾತ್ರ 1,02,40,000 ಬೈಟ್, ಹೆಚ್ಚುಕಮ್ಮಿ 10 ಎಂಬಿ. ಅವನು 8 ಎಂಬಿ ಕಳಿಸಿದರೂ ಹೋಗಲಿಲ್ಲ. ಮೇಲ್‌ನಲ್ಲಿ ಫೋಟೋ ಅಕ್ಷರಗಳಾಗಿ ಬದಲಾಗಿ ಹೋಗುತ್ತದೆ, ಆಗ ಗಾತ್ರ ಮೂರನೇ ಒಂದು ಭಾಗ ಜಾಸ್ತಿ ಆಗುತ್ತದೆ. 8 ಇದ್ದದ್ದು 10 ದಾಟುತ್ತದೆ. ಮಿತಿ 25ಕ್ಕೆ ಏರಿಸಿದೆ. ಜೊತೆಗೆ ಒಬ್ಬೊಬ್ಬರ ಡಬ್ಬಿಗೆ 2 ಜಿಬಿ ಅಂತ ಕೋಟಾ ಇಟ್ಟೆ. ಕೋಟಾಕ್ಕೋಸ್ಕರ, ಪತ್ರವನ್ನು ಡಬ್ಬಿಗೆ ಹಾಕುವ ಕೊನೆಯ ಕೆಲಸವನ್ನು ಪೋಸ್ಟ್‌ಫಿಕ್ಸ್‌ನಿಂದ ಡವ್‌ಕಾಟ್‌ಗೆ ವಹಿಸಿದೆ.

ಹೋದ ತಿಂಗಳು ಒಬ್ಬ ಹುಡುಗ ಕೆಲಸ ಬಿಟ್ಟ. ಬೆಂಗಳೂರಿನಲ್ಲಿ ಒಳ್ಳೆಯ ಸಂಬಳ ಸಿಕ್ಕಿತು. ಕೊನೆಯ ದಿನ ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡೆ. ಸ್ವಂತದ್ದು ಏನಾದರೂ ಇದ್ದರೆ ತಗೋ ಅಂದೆ. ಎರಡು ಪತ್ರ ತಗೊಂಡ. ಪಾಸ್‌ವರ್ಡ್ ಪಟ್ಟಿಯಿಂದ ಅವನ ಸಾಲು ತೆಗೆದೆ, ಅವನ ಹೆಸರಿಗೆ ಬರುವುದನ್ನು ಅವನ ಜಾಗಕ್ಕೆ ಬಂದವಳ ಕಡೆ ತಿರುಗಿಸಿದೆ. ಡಬ್ಬಿಯನ್ನು ಅಳಿಸಲಿಲ್ಲ. ಐದು ನಿಮಿಷದ ಕೆಲಸ. ಆಮೇಲೆ ಎಲ್ಲರೂ ಸೇರಿ ಬೆಣ್ಣೆ ದೋಸೆ ತಿನ್ನಲು ಹೋದೆವು.

ಅಕ್ಕನ ಫೋನ್ ಬಂದದ್ದು ಮೆಕ್ಕೆಜೋಳದ ಸುಗ್ಗಿಯಲ್ಲಿ. ಯಾರ್ಡ್ ತುಂಬ ರಾಶಿ, ಲಾರಿಗಳ ಸದ್ದು. ಒಂದು ಕಿವಿ ಮುಚ್ಚಿಕೊಂಡು ಮಾತಾಡಿದೆ.

"ತಮ್ಮಾ, ಹದಿನೈದು ದಿನ ಆತು. ನಿಮ್ದು ಒಂದು ಮೇಲೂ ಬಂದಿಲ್ಲ. ಎಲ್ಲಾ ಸರಿ ಐತಲ್ಲಾ?"

"ಸರಿ ಐತಕ್ಕಾ. ಇಲ್ಲಿಗೇ ಬರ್ತಾ ಐತೆ ಈಗ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕರು. "ಹೊಸ ವಿಳಾಸ ಹೇಳು, ನಾನೂ ಒಂದು ಹಾಕ್ತೀನಿ" ಅಂದರು. ಲೆಕ್ಕದ ವಿಳಾಸ ಹೇಳಿದೆ. ಫೋನ್ ಇಟ್ಟು ಲಾಗ್ ತೆರೆದುಕೊಂಡು ಕೂತೆ. ಎರಡು ನಿಮಿಷ ಆಗಿರಬೇಕು. ಅವರ ಹೆಸರಿನ ಸಾಲು ಬಂತು, ಅದರ ಕೆಳಗೆ ಇಬ್ಬರ ಡಬ್ಬಿಗೂ ಒಂದೊಂದು ಸಾಲು. ಎರಡರ ಕೊನೆಯಲ್ಲೂ 'ಸೇವ್ಡ್' ಅಂತ ಇತ್ತು.